ಅತ್ತೆಯ ಮನೆಗೆ ಹೋದ ಫಕೀರ

ನಿಜಾಮನ ಕಾಲದ ಮಾತು. ನಮ್ಮೂರು ಮಸ್ಕಿ, ಓದುತ್ತಿದ್ದುದು ಲಿಂಗಸುಗೂರಿನ ಶಾಲೆಯಲ್ಲಿ. ನನಗಾಗ ಹದಿನೈದು ವರ್ಷ, ಮುಖದ ತುಂಬ ಸಿಡುಬಿನ ಕುಳಿಗಳು. ಯಾರಾದರೂ ಏಳಿಸುವ ಮೊದಲೇ ನಾನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತುಬಿಡುತ್ತಿದ್ದೆ.

ಶುಕ್ರವಾರ ಜುಮ್ಮಾ ರಜೆ, ಅವತ್ತು ಲಿಂಗಸುಗೂರಿನಲ್ಲೇ ಇದ್ದ ಸೋದರತ್ತೆಯ ಮನೆಯಲ್ಲಿ ಊಟ. ಅತ್ತೆ ಕೆಟ್ಟವಳೇನಲ್ಲ, ರೊಟ್ಟಿಗೆ ಬೆಣ್ಣೆ ಧಾರಾಳವಾಗಿ ಹಾಕುತ್ತಿದ್ದಳು. ಆದರೆ ಸೊಸೆ ಬಸುರಿಯಾದ ಮೇಲೆ ನನ್ನ ತಾಟು ಹೊರಗಿನ ಕಟ್ಟೆಗೆ ಬಂತು. "ಒಳಗ ಸೆಕಿ ಐತಿ, ಇಲ್ಲೇ ಗಾಳಿಗೆ ಕುಂದ್ರಪ್ಪ" ಎನ್ನುತ್ತಿದ್ದಳು. ಚಳಿಗಾಲದಲ್ಲೂ ಅದೇ ಮಾತು. ನಾನು ಎಂಥ ಮಳ್ಳನೆಂದರೆ ಅದನ್ನು ನಂಬಿದ್ದೆ.

ಮಗ ಸಿಡುಬಿನಿಂದ ಬದುಕಿದರೆ ಮೊಹರಂನಲ್ಲಿ ಫಕೀರನ ವೇಷ ಹಾಕಿಸುತ್ತೇನೆಂದು ಅವ್ವ ಪೀರಲ ದೇವರಿಗೆ ಹರಕೆ ಹೊತ್ತಿದ್ದಳು. ಆ ವರ್ಷ ಲಿಂಗಸುಗೂರಿನಲ್ಲೇ ಅದನ್ನು ತೀರಿಸೆಂದು ಹೇಳಿ ಕಳಿಸಿದಳು. ಎಣ್ಣೆ ಕಲಸಿದ ಮಸಿಯನ್ನು ಮುಖಕ್ಕೆ ದಪ್ಪಗೆ ಮೆತ್ತಿ, ಸೆಣಬಿನ ಗಡ್ಡ ಕಟ್ಟಿ, ನವಿಲುಗರಿ ಹಿಡಿದು ಮನೆಮನೆಗೆ ಹೊರಟೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಜನ ಕರೆದು ಶರಬತ್ತು ಕೊಟ್ಟರು, ಕೂಸುಗಳನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅದೇ ಹಿಗ್ಗಿನಲ್ಲಿ ಅತ್ತೆಯ ಮನೆಗೂ ಹೋದೆ. ಅವಳಿಗೆ ಗುರುತು ಸಿಗಲಿಲ್ಲ. ಕೈಹಿಡಿದು ನಡುಮನೆಗೇ ಕರೆದೊಯ್ದಳು. ಅಲ್ಲಿ ಸೊಸೆ ಗೋಡೆಗೊರಗಿ ಕೂತಿದ್ದಳು. ಅತ್ತೆ ನನ್ನ ಕೈಗೆ ಮೊಹರಂನ ಸಿಹಿರೊಟ್ಟಿ ಇಟ್ಟು, ಕಾಲಿಗೆ ಬಿದ್ದಳು.

"ಆಶೀರ್ವಾದ ಮಾಡ್ರಿ ಫಕೀರಪ್ಪ. ನಮ್ಮ ಅಣ್ಣನ ಮಗ ಒಬ್ಬಾಂವ ಮನಿಗೆ ಬರತಾನ, ಮಾರಿ ನೋಡಾಕ ಆಗಂಗಿಲ್ಲ. ಎಷ್ಟು ಮರೆ ಮಾಡಿದ್ರೂ ಇಕಿ ಒಂದ್ಸಲ ಅವನ್ನ ನೋಡಿಬಿಟ್ಟಾಳ. ಕೂಸು ಅವನಂಗ ಆಗಬಾರದ್ರಿ."

ಬಾಯಲ್ಲಿದ್ದ ಸಿಹಿರೊಟ್ಟಿಯ ತುಣುಕು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಅತ್ತೆ ನನ್ನನ್ನು ಹೆತ್ತವಳಲ್ಲವಲ್ಲ. ಮಸಿ ಒರೆಸಿ, ನೋಡು ನಾನೇ ಅವನು ಎಂದು ತೋರಿಸುವಷ್ಟು ಸಿಟ್ಟು ಬಂತು. ಆದರೆ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದಳು.

ನವಿಲುಗರಿಯನ್ನು ಅವಳ ತಲೆಯ ಮೇಲಿಟ್ಟೆ.

"ಅವನಂಗ ಆಗಂಗಿಲ್ಲ ತಗೋರಿ" ಎಂದೆ.

ಅತ್ತೆಯನ್ನು ಎಂದೋ ಕ್ಷಮಿಸಿದ್ದೇನೆ. ಅವತ್ತಿನ ನನ್ನ ಮಾತು ನೆನಪಾದರೆ ಮಾತ್ರ ಈಗಲೂ ಮೈ ಜುಮ್ಮೆನ್ನುತ್ತದೆ. ಅದು ವೇಷದವನ ಬಾಯಿಮಾತಾಗಿರಲಿಲ್ಲ. ನಾನು ಮನಸಾರೆ ಹರಸಿದ್ದೆ.