ದೋಣಿಯ ಅಡಿಗೆಮನೆಗೆ ಹೊಳೆ ಬಂದದ್ದು

ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಕೈಯಾರೆ ಏನಾದರೂ ಕಟ್ಟಬೇಕೆಂಬ ಹುಚ್ಚು ನನಗೆ ಹತ್ತಿತು. ಮನೆಯಲ್ಲಿ ಬೇಕಾದಷ್ಟು ಕೆಲಸವಿತ್ತು. ಅದು ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಅಂಕಲಿಯಲ್ಲಿ ಹೆಂಡತಿಯ ತಮ್ಮನ ಬಳಿಯಿದ್ದ ಹಳೇ ಹಾಯಿದೋಣಿ.

ಹಿಂದೆ ಅದು ಕೃಷ್ಣಾ ಹೊಳೆಯಲ್ಲಿ ಮೇವು, ಬೆಲ್ಲ ಸಾಗಿಸುತ್ತಿತ್ತಂತೆ. ಹಿಂಭಾಗದಲ್ಲಿ ತಗಡಿನ ನೆರಳಿನಡಿ ಅಂಬಿಗರು ಅಡಿಗೆ ಮಾಡಿಕೊಳ್ಳುವ ಮೂಲೆ ಇತ್ತು: ಒಂದು ಮಣ್ಣಿನ ಒಲೆ, ಗಡಿಗೆ ಇಡಲು ಎರಡು ಕುಳಿ.

"ಇದನ್ನ ಪೂರಾ ತಗದು ಹೊಸಾ ಕಿಚನ್ ಮಾಡತೀನಿ. ಬಡಗ್ಯಾನ್ನ ಕರಿಯೂದಿಲ್ಲ, ನಾನ ಮಾಡತೀನಿ" ಎಂದೆ.

"ಮಾವಾರ, ಒಲಿ ಚಲೋ ಐತ್ರಿ. ಯಾಕ ಒಡೀತೀರಿ?" ಎಂದ ಹೆಂಡತಿಯ ತಮ್ಮ.

ಇಂಧನದ ದಕ್ಷತೆಯ ಬಗ್ಗೆ ಅವನಿಗೆ ಅರ್ಧ ತಾಸು ಪಾಠ ಹೇಳಿದೆ. "ಹೌದ್ರಿ" ಎಂದು ಅವನು ಕಬ್ಬಿಗೆ ನೀರು ಬಿಡಲು ಹೋದ.

ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಬಡಿದೆ, ಕೊಯ್ದೆ. ಪ್ಲೈವುಡ್ಡಿನ ಕಪಾಟು, ಗ್ಯಾಸ್ ಒಲೆ, ಕುಳಿತಲ್ಲೇ ಕೈಗೆ ಸಿಗುವಂತೆ ನೆಲಮಟ್ಟದಲ್ಲಿ ಸ್ಟೀಲಿನ ಸಿಂಕು. ಅದರ ನೀರು ಹೊರಹೋಗಲು ದೋಣಿಯ ಪಕ್ಕೆಗೇ ತೂತು ಕೊರೆದು ಪೈಪು ಕೂಡಿಸಿದೆ. ತೂತು ಹೊಳೆಯ ನೀರಿಗಿಂತ ನಾಲ್ಕು ಬೆರಳು ಮೇಲಿತ್ತು, ಅಳೆದಿದ್ದೆ. ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ ಫೋಟೋ ಹಾಕಿದರೆ "ಗ್ರೇಟ್ ಸರ" ಎಂದು ಹೊಗಳಿಕೆ ಸುರಿಯುತ್ತಿತ್ತು. ಹಲಗೆಯ ಇನ್ನೊಂದು ತುದಿ ಹಿಡಿಯಲು ಒಬ್ಬನೂ ಬರಲಿಲ್ಲ.

ದಿನಾ ಎರಡು ಹೊತ್ತು ಅಡಿಗೆ ಮಾಡುವ ಹೆಂಡತಿಯನ್ನು ಮಾತ್ರ ನಾನು ಒಂದು ಮಾತೂ ಕೇಳಲಿಲ್ಲ. ದೋಣಿಯಲ್ಲಿ ಬೇಯಿಸುವವಳು ಅವಳೇ ಎಂಬುದು ನನ್ನ ಪ್ಲಾನಿನಲ್ಲಿ ಮೊದಲೇ ತೀರ್ಮಾನವಾಗಿತ್ತು.

ಒಂದು ಭಾನುವಾರ ಮುಂಜಾನೆ ಉದ್ಘಾಟನೆ. ಹೆಂಡತಿ, ಅವಳ ತಮ್ಮ, ತಮ್ಮನ ಹೆಂಡತಿ, ನೀರಿನ ಡ್ರಮ್ಮು, ಸಿಲಿಂಡರು, ಹಿಟ್ಟಿನ ಡಬ್ಬಿ, ಎಲ್ಲ ಹತ್ತಿದೆವು. ದಂಡೆಯಿಂದ ಸ್ವಲ್ಪ ದೂರ ಹೋಗಿದ್ದೆವು. ಹೆಂಡತಿ ಹಿಟ್ಟು ನಾದುತ್ತಿದ್ದಳು. ಸಿಂಕಿನಲ್ಲಿ ಗುಳುಗುಳು ಸದ್ದಾಯಿತು.

"ರೀ, ನಳಾ ಇಲ್ಲದ ನೀರ ಬರಾಕತ್ತೈತಿ" ಎಂದಳು ಅವಳು, ತಣ್ಣಗೆ. "ಇಷ್ಟೆಲ್ಲಾ ಅನುಕೂಲ ಮಾಡೀರಿ ಅಂತ ಗೊತ್ತ ಇರಲಿಲ್ಲ."

ಭಾರ ಏರಿದರೆ ದೋಣಿ ನೀರಿಗೆ ಇಳಿಯುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ, ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೆ. ಆದರೆ ತೂತಿನ ಅಳತೆ ತೆಗೆದದ್ದು ಖಾಲಿ ದೋಣಿಯಲ್ಲಿ. ಸಿಂಕು ತುಂಬಿ ನೀರು ಕಾಲಿಗೆ ಬಂತು. ಹೆಂಡತಿ ನಾದಿದ ಹಿಟ್ಟನ್ನೇ ಸಿಂಕಿನ ತೂತಿಗೆ ತುರುಕಿ, ಮೇಲೆ ಅಂಗೈ ಒತ್ತಿ ಕುಳಿತಳು. ಅವಳ ತಮ್ಮ ಹಾಯಿ ಇಳಿಸಿ, ಗಳ ಊರಿ ದೋಣಿಯನ್ನು ದಂಡೆಗೆ ತಿರುಗಿಸಿದ.

"ನಾ ಏನ ಮಾಡ್ಲಿ?" ಎಂದೆ.

"ನೀವು ಕೆಳಗ ಇಳೀರಿ. ಭಾರ ಕಡಿಮಿ ಆಗತೈತಿ" ಎಂದಳು ಹೆಂಡತಿ.

ಎದೆಮಟ್ಟ ನೀರಿನಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ನಡೆದೇ ದಂಡೆ ಸೇರಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು.

ಮರುವಾರ ಎಲ್ಲ ಕಿತ್ತು ಮತ್ತೆ ಮಾಡಿದೆವು. ಈ ಸಲ ಹೇಳುವವಳು ಹೆಂಡತಿ. "ಗಾಳಿ ಆ ಕಡಿಂದ ಬರತೈತಿ, ಒಲಿ ಇಲ್ಲಿ ಬರಲಿ" ಎಂದಳು. ನಾನು ಹೊಸ ಒಲೆಗೆ ಮಣ್ಣು ತುಳಿದೆ, ಅವಳ ತಮ್ಮ ಪಕ್ಕೆಯ ತೂತಿಗೆ ಹಲಗೆ ಹೊಡೆದು ಡಾಂಬರು ಬಳಿದ. ಅವಳು ಕುಳಿತು ಕೈ ಚಾಚಿದಳು. ಕೈ ಮುಟ್ಟಿದಲ್ಲಿ ಉಪ್ಪಿನ ಗೂಡು ಕೂಡಿಸಿದೆ. ನೋಡದೆಯೇ ಅವಳ ಕೈ ಅಲ್ಲಿಗೆ ಹೋಗುತ್ತದೆಂದು ನನಗೆ ತಿಳಿದದ್ದು ಅಂದು. ನಾಚಿಕೆಯಾಯಿತು.

ಮುಂದಿನ ಪಯಣದಲ್ಲಿ ಅವಳು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಬಂದು, ದೋಣಿಯ ಮುಂಭಾಗದಲ್ಲಿ ಕಾಲು ಚಾಚಿ ಕುಳಿತಳು.

"ಪಲ್ಯಾ?" ಎಂದೆ.

"ನೀವ ಮಾಡ್ರಿ. ಕಿಚನ್ ನಿಮ್ಮದ ಅಲ್ಲಾ?"

ಕಡಲೆಹಿಟ್ಟು ಕಲಸಿ ಝುಣಕಾ ಮಾಡಿದೆ. ಗಂಟು ಗಂಟಾಯಿತು, ತಳ ಹತ್ತಿತು. ಅವಳು ರೊಟ್ಟಿಯಲ್ಲಿ ಸುತ್ತಿಕೊಂಡು ಒಂದು ತುತ್ತು ತಿಂದಳು.

"ಹೆಂಗೈತಿ?" ಎಂದೆ.

"ಹಸದಾಗ ನಡೀತೈತಿ" ಎಂದು ಇನ್ನೊಂದು ರೊಟ್ಟಿ ತೆಗೆದುಕೊಂಡಳು.