ಬಲಗಡೆ ಬೋಲ್ಟಿನ ಬಿಳಿ ಗೆರೆ

ದೋಹಾದ ನಮ್ಮ ಗ್ಯಾರೇಜಿನಲ್ಲಿ ಬೋಲ್ಟ್ ಬಿಗಿ ಮಾಡಿದವನು ಅದರ ಮೇಲೆ ತನ್ನ ಬಣ್ಣದ ಗೆರೆ ಎಳೆಯಬೇಕು. ನನ್ನದು ಬಿಳಿ, ಸೀನಿಯರ್ ಮೆಕ್ಯಾನಿಕನದು ಹಳದಿ. ಇದನ್ನು ನನಗೆ ಕಲಿಸಿದವನೂ ಅವನೇ. ನಮ್ಮೂರಿನವನು, ಅಲ್ ಥುಮಾಮಾದ ಒಂದೇ ರೂಮಿನಲ್ಲಿ ನನ್ನ ಜೊತೆ ಉಣ್ಣುವವನು. ಅಣ್ಣ ಅಂತ ಕರೆಯುತ್ತಿದ್ದೆ, ನನ್ನ ಬುದ್ಧಿಗೆ ಬೆಂಕಿ ಹಾಕ!

ಮರಳು ದಿಬ್ಬ ಹತ್ತಿಸುವ ಒಂದು ಗಾಡಿಯ ಹಿಂದಕ್ಕೆ, ಆ ಗಾಡಿಯ ಮಾಲೀಕ ಬೇರೆ ಕಡೆಯಿಂದ ತರಿಸಿದ ಹೊಸ ಶಾಕ್ ಅಬ್ಸಾರ್ಬರ್ ಕೂರಿಸಿದೆವು. ಎಡಗಡೆ ನಾನು, ಬಲಗಡೆ ಅಣ್ಣ. ಎರಡೇ ದಿನದಲ್ಲಿ ಗಾಡಿ ವಾಪಸ್ ಬಂತು. ಹಿಂದೆ ಕಟಕಟ ಸದ್ದು.

ಯಾರೂ ಹೇಳುವ ಮೊದಲೇ ಅವನು ಗಾಡಿಯಡಿಗೆ ನುಗ್ಗಿದ. ಸ್ವಲ್ಪ ಹೊತ್ತಿನ ಮೇಲೆ ಹೊರಬಂದು, "ಬಲಗಡೆ ಬೋಲ್ಟ್ ಲೂಸ್ ಉಂಟು" ಎಂದ. ಮ್ಯಾನೇಜರ್ ಟಾರ್ಚ್ ಹಿಡಿದು ಬಗ್ಗಿದರು. ಬೋಲ್ಟಿನ ಮೇಲೆ ಬಿಳಿ ಗೆರೆ. ನನ್ನನ್ನು ತಿನ್ನುವ ಹಾಗೆ ನೋಡಿದರು.

"ಬಲಗಡೆ ನಾನು ಮುಟ್ಟಲೇ ಇಲ್ಲ ಸಾರ್" ಎಂದೆ.

"ಹೊಸಬ, ಸಾರ್. ಈ ಸಲ ಬಿಟ್ಟುಬಿಡಿ, ಇನ್ನು ನಾನೇ ನೋಡಿಕೊಳ್ತೇನೆ" ಎಂದು ಅಣ್ಣ ನನ್ನ ಪರವಾಗಿ ಕೈಮುಗಿದ.

ನಾನು ಕೈ ಚಾಚಿ ಆ ಗೆರೆಯನ್ನು ಮುಟ್ಟಿದೆ. ಎರಡು ದಿನ ಹಳೆಯದಾಗಬೇಕಿದ್ದ ಬಣ್ಣ ಬೆರಳಿಗೆ ಹಸಿಹಸಿಯಾಗಿ ಅಂಟಿತು.