ಜಯದೇವಿ ಮೇಡಂ ಹಿಂತೆಗೆದುಕೊಂಡ ಪ್ರಬಂಧ

ಅಭಿನಂದನ ಗ್ರಂಥಕ್ಕೆ ಬರೆಯಬೇಕೆಂದು ಕರೆ ಬಂದ ದಿನ ಗುರುದೇವಿ ತನ್ನ ದಿನಚರಿಯಲ್ಲಿ ಒಂದೇ ಸಾಲು ಬರೆದಳು: 'ಮೇಡಂ ಬಗ್ಗೆ ನಿಜ ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ.'

ಪಶುವೈದ್ಯ ಜೀವರಸಾಯನ ಶಾಸ್ತ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಜಯದೇವಿಯವರು, ಕೆಂಗೇರಿಯ ಪ್ರಯೋಗಾಲಯಕ್ಕೆ ಕಾಲಿಟ್ಟ ದಿನದಿಂದ ಯಾರ ದಾಕ್ಷಿಣ್ಯಕ್ಕೂ ತಲೆಬಾಗಿದವರಲ್ಲ. ಹುಟ್ಟಿ ಎರಡು ವರ್ಷ ತುಂಬುವಷ್ಟರಲ್ಲಿ ಕಣ್ಣು ಮಂಜಾಗಿ, ಕಾಲು ತೊಡರಿ, ಸಾಕಿದವರ ಗುರುತೂ ಹತ್ತದೆ ಸಾಯುವ ನಾಯಿಗಳ ವಂಶರೋಗವನ್ನು ಅವರು ತಮ್ಮ ಬದುಕಿನ ಪ್ರಶ್ನೆಯಾಗಿಸಿಕೊಂಡರು. ಆ ನಾಯಿಗಳ ಮೆದುಳಿನ ಕೋಶಗಳಲ್ಲಿ ಹಳದಿ ಕಸ ತುಂಬಿಕೊಳ್ಳುತ್ತದೆ. ಹಳೆಯ ಎಣ್ಣೆ ಕಮಟುವಂತೆ ಮೆದುಳಿನ ಕೊಬ್ಬು ಕೆಡುವುದೇ ಅದಕ್ಕೆ ಕಾರಣವೇ? ಅದನ್ನು ತಿಳಿಯಲು ಅವರು ಮಾಡುತ್ತಿದ್ದ ಪರೀಕ್ಷೆಯಲ್ಲಿ, ಕೊಬ್ಬು ಕೆಟ್ಟಷ್ಟೂ ಕೊಳವೆಯ ದ್ರವ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ವಿಜಯಪುರದ ಕಡೆಯಿಂದ ಬಂದ, ಮೇಡಂ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ ಗುರುದೇವಿಗೆ ಸಭೆಯಲ್ಲಿ ಬಾಯಿ ಏಳುತ್ತಿರಲಿಲ್ಲ. ಅವಳು ಚೀಟಿಯಲ್ಲಿ ಗೀಚಿದ್ದನ್ನು ಮೇಡಂ ತಾವೇ ಓದಿ, "ಇದು ಗುರುದೇವಿ ಪ್ರಶ್ನೆ, ಉತ್ತರ ಹೇಳಿ ನೋಡೋಣ" ಎಂದು ದೊಡ್ಡವರನ್ನೇ ಕೆಣಕುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಹೇರೋಹಳ್ಳಿಯ ಮುನಿರಾಜು ಆ ರೋಗದಿಂದ ಸತ್ತ ತಮ್ಮ ಎರಡು ನಾಯಿಗಳನ್ನು ಸಂಶೋಧನೆಗೆ ಕೊಟ್ಟರು. ಮೆದುಳಿನ ಮಾದರಿಗಳನ್ನು ತಂದವಳು ಗುರುದೇವಿ. ನಾಯಂಡಹಳ್ಳಿಯ ವಾಹನ ದಟ್ಟಣೆಯಲ್ಲಿ ಆಟೋ ಒಂದೂವರೆ ಗಂಟೆ ಸಿಕ್ಕಿಕೊಂಡು, ಡಬ್ಬಿಯ ಐಸ್ ನೀರಾಯಿತು. ಬೆಚ್ಚಗಾದರೆ ಕೊಬ್ಬು ತಾನಾಗಿಯೇ ಕೆಡುತ್ತದೆಂದು ಬಲ್ಲ ಹುಡುಗಿ, ಬೈಗುಳಕ್ಕೆ ಹೆದರಿ ಸುಮ್ಮನಿದ್ದಳು. ಕೊಳವೆಗಳು ಚೆಂದಗೆ ಗುಲಾಬಿಯಾದವು. ಕೊಬ್ಬು ಕೆಡುವುದೇ ರೋಗಕ್ಕೆ ಕಾರಣವೆಂಬ ಮೇಡಂ ಪ್ರಬಂಧ ಅಚ್ಚಾಯಿತು, ಅವರಿಗೆ ಶಾಲು ಹೊದಿಸಿದ್ದೂ ಆಯಿತು.

ಮರುವರ್ಷ ಮೇಡಂ ಸರಿಯಾಗಿ ಹೆಪ್ಪುಗಟ್ಟಿಸಿದ ಹೊಸ ಮಾದರಿಗಳನ್ನು ತಾವೇ ಪರೀಕ್ಷಿಸಿದರು. ರೋಗದ ನಾಯಿಗೂ ಆರೋಗ್ಯದ ನಾಯಿಗೂ ವ್ಯತ್ಯಾಸವೇ ಇರಲಿಲ್ಲ. ಹಿಂದಿನ ಗುಲಾಬಿ ಬಣ್ಣ ರೋಗದ್ದಲ್ಲ, ಕೆಟ್ಟ ಮಾದರಿಯದ್ದು ಎಂದು ಅವರಿಗೆ ತಿಳಿಯಿತು.

"ಯಾರೂ ಕೇಳ್ತಿಲ್ವಲ್ಲ ಮೇಡಂ, ಸುಮ್ನಿದ್ಬಿಡಿ" ಎಂದರು ಸಹೋದ್ಯೋಗಿ ಸಂಪತ್.

"ನಾನು ಕೇಳ್ತಾ ಇದೀನಲ್ಲ ಸಂಪತ್, ಸಾಲ್ದಾ? ನಗೋರು ನಗ್ಲಿ. ಮಾದರಿ ಕೆಟ್ಟಿತ್ತು, ಜವಾಬ್ದಾರಿ ನಂದು ಅಂತ ಬರೆದು ಪ್ರಬಂಧ ವಾಪಸ್ ತಗೋತೀನಿ."

ಮಾದರಿ ತಂದವರಾರೆಂದು ಅವರು ಯಾರಿಗೂ ಹೇಳಲಿಲ್ಲ. 'ಮೇಡಂ ಕೈ ಜಾರಿತು' ಎಂಬ ಮಾತು ಮಾತ್ರ ಅಂದಿನಿಂದ ಅವರ ಬೆನ್ನು ಬಿಡಲಿಲ್ಲ.

ಅವರು ನೂರ್ಕಾಲ ಬಾಳಲಿ, ನಿವೃತ್ತಿಯ ಮರುದಿನವೂ ಅವರ ಸೂಕ್ಷ್ಮದರ್ಶಕದ ದೀಪ ಉರಿಯುತ್ತಿರಲಿ ಎಂಬ ಹಾರೈಕೆಯೊಂದಿಗೆ ಗುರುದೇವಿ ಕರಡನ್ನು ಒಪ್ಪಿಸಿದಳು. ಪ್ರಬಂಧ ವಾಪಸಾದದ್ದು ಅದರಲ್ಲಿತ್ತು, ಕಾರಣ ಇರಲಿಲ್ಲ. ಗ್ರಂಥದ ಸಂಪಾದಕರೂ ಆಗಿರುವ ಸಂಪತ್ ಸಮಿತಿಯವರ ಎದುರೇ ಅದನ್ನೋದಿ ಮುಖ ಕಿವುಚಿದರು.

"ಈ ಭಾಗ ತೆಗೆದ್ಬಿಡಮ್ಮ. ಬೀಳ್ಕೊಡೋ ಹೊತ್ತಲ್ಲಿ ಮೇಡಂ ತಪ್ಪನ್ನ ಯಾಕೆ ಕೆದಕ್ತೀಯಾ?"

ಗುರುದೇವಿ ಎದ್ದು ನಿಂತಳು. ಚೀಟಿಗಾಗಿ ಕೈ ಚಾಚಲಿಲ್ಲ.

"ತಪ್ಪು ಮೇಡಂ ಅವ್ರದಲ್ರಿ ಸರ್, ನಂದು. ಐಸ್ ಕರಗಿದ್ದು ನನಗ ಗೊತ್ತಿತ್ತು."